70 ಹತ್ತಿರವಾದ ಧಣಿಗಳಿಗೆ ಫ್ಯಾಕ್ಟರಿ ಬಿಡುವ ಮಾತು ಹೇಗೆ ಹೇಳುವುದು?

ಕಡಿಯಾಳಿ ಲೆಕ್ಕ

ನಮಸ್ಕಾರ. ನಾನು ಉಡುಪಿಯಲ್ಲಿ ಸಣ್ಣ ಆಫೀಸು ಇಟ್ಟುಕೊಂಡು ಲೆಕ್ಕ, ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಕೆಲಸ ಮಾಡುತ್ತೇನೆ. ನನ್ನ ಹತ್ತಿರ ಫೈಲ್ ಇರುವವರಲ್ಲಿ ಜಾಸ್ತಿ ಜನ 60 ದಾಟಿದವರು. ಬೇಕರಿ, ಪ್ರಿಂಟಿಂಗ್ ಪ್ರೆಸ್, ಮಲ್ಪೆಯಲ್ಲಿ ಐಸ್ ಪ್ಲಾಂಟ್, ಗೇರುಬೀಜದ ಫ್ಯಾಕ್ಟರಿ, ಹೀಗೆ. ಮಕ್ಕಳೆಲ್ಲ ಬೆಂಗಳೂರು, ದುಬೈ, ಕೆನಡಾ. ನಾಳೆ ಇದನ್ನು ಯಾರು ನಡೆಸುವುದು ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ನೋಡುವಾ".

ಮೂರು ವರ್ಷದ ಹಿಂದೆ ಅಂಥವರೊಬ್ಬರು ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಪ್ರೊಪ್ರೈಟರ್‌ಶಿಪ್ ವ್ಯಾಪಾರ, ಅಂದರೆ ಎಲ್ಲ ಅವರೊಬ್ಬರ ಹೆಸರಲ್ಲಿ. ಚೆಕ್ಕಿಗೆ ಸಹಿ ಹಾಕುವ ಕೈ ಇಲ್ಲ, ಬ್ಯಾಂಕಿನ ಸಿಸಿ ಅಕೌಂಟ್ (ವ್ಯಾಪಾರದ ಓಡಾಟದ ಸಾಲ) ನಿಂತಿತು, ಅವರ ಪಾನ್ ಮೇಲೆ ಇದ್ದ ಜಿಎಸ್‌ಟಿ ನಂಬರಿನಲ್ಲಿ ಬಿಲ್ ಮಾಡುವ ಹಾಗಿಲ್ಲ. ಗೋಡೌನಿನ ಬೀಗದ ಕೈ ಎಲ್ಲಿದೆ ಎಂದು ಹೆಂಡತಿಗೂ ಗೊತ್ತಿರಲಿಲ್ಲ. ವಾರಸುದಾರರ ಕಾಗದ ಆಗುವಷ್ಟರಲ್ಲಿ ಎಂಟು ತಿಂಗಳು. ಅಷ್ಟರೊಳಗೆ ಕೆಲಸದವರು ಬೇರೆ ಕಡೆ ಸೇರಿದರು, ಗಿರಾಕಿಗಳು ಹೋದರು. ಕೊನೆಗೆ ಮೆಷಿನುಗಳನ್ನು ಗುಜರಿಯವನು ಕಿಲೋ ಲೆಕ್ಕದಲ್ಲಿ ತೂಗಿ ಲಾರಿಗೆ ಹಾಕಿದ. ತೂಕದ ಚೀಟಿ ಬರೆದುಕೊಂಡು ಅಲ್ಲಿ ನಿಂತವಳು ನಾನು. ಹತ್ತು ವರ್ಷ ಅವರ ರಿಟರ್ನ್ ಹಾಕಿದ್ದೆ, ಒಂದು ಸಲವೂ ಈ ಮಾತು ಎತ್ತಿರಲಿಲ್ಲ. ಅದು ನನಗೆ ಇನ್ನೂ ಚುಚ್ಚುತ್ತದೆ.

ಈಗ ಇನ್ನೊಬ್ಬರು. ಕಾರ್ಕಳದ ಕಡೆ ಗೇರುಬೀಜದ ಫ್ಯಾಕ್ಟರಿ, ಧಣಿಗಳಿಗೆ 69. ಒಂದು ಸಲ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ಸಿಪ್ಪೆ ತೆಗೆಯುವುದು, ಗ್ರೇಡಿಂಗ್ ಎಲ್ಲ ಸೇರಿ 60 ಹೆಂಗಸರು, ಕೆಲವರು ತಾಯಿಯ ನಂತರ ಬಂದ ಮಗಳಂದಿರು. ವ್ಯಾಪಾರ ಇವರ ಹೆಸರಲ್ಲಿ, ಜಾಗ ಹೆಂಡತಿ ಹೆಸರಲ್ಲಿ. ಮಗ ಕೆನಡಾದಲ್ಲಿ, ಮಗಳು ಬೆಂಗಳೂರಲ್ಲಿ. ಮ್ಯಾನೇಜರ್ ಒಬ್ಬರು 17 ವರ್ಷದಿಂದ ಇದ್ದಾರೆ, ಪ್ರಾಮಾಣಿಕ ಮನುಷ್ಯ, ಆದರೆ ಕೈಯಲ್ಲಿ ದುಡ್ಡಿಲ್ಲ. ಹೋದ ತಿಂಗಳು ಧೈರ್ಯ ಮಾಡಿ ಕೇಳಿದೆ, "ಧಣಿಗಳೇ, ಮುಂದೆ ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಏನಮ್ಮಾ, ನನ್ನನ್ನು ಕಳಿಸುವ ಅರ್ಜೆಂಟಾ?" ಎಂದರು. ನನಗೆ ಮಾತೇ ಹೊರಡಲಿಲ್ಲ.

ಮಾರಿದವರು, ತೆಗೆದುಕೊಂಡವರು, ಮನೆಯವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಮಾತು ಎಲ್ಲಿಂದ ಶುರು ಮಾಡುವುದು? ಮೊದಲು ಯಾವ ಕೆಲಸ ಹಿಡಿಯುವುದು?

ಬೈಕಂಪಾಡಿ ಲೇತ್

ಅಮ್ಮಾ, ನೀವು ಕೇಳಿದ ಪ್ರಶ್ನೆ ನನಗೆ ಯಾರಾದರೂ ಐದು ವರ್ಷ ಮೊದಲೇ ಕೇಳಬೇಕಿತ್ತು. ನನ್ನದು ಬೈಕಂಪಾಡಿಯಲ್ಲಿ ಎಂಜಿನಿಯರಿಂಗ್ ವರ್ಕ್‌ಶಾಪ್ ಇತ್ತು, ಬೋಟಿನ ಶಾಫ್ಟ್, ಫ್ಯಾಕ್ಟರಿಗಳ ರಿಪೇರಿ ಕೆಲಸ. 66ಕ್ಕೆ ಮಾರಿದೆ. ಮನಸ್ಸು ಮಾಡಿದ ದಿನದಿಂದ ದುಡ್ಡು ಪೂರ್ತಿ ಕೈಗೆ ಬರುವವರೆಗೆ ನಾಲ್ಕು ವರ್ಷ ಹಿಡಿಯಿತು. ಜನ ಆರು ತಿಂಗಳಲ್ಲಿ ಆಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ.

"ಮಾರುವುದು" ಎಂಬ ಶಬ್ದ ಮೊದಲು ತರಬೇಡಿ. ನನ್ನ ಕಿವಿಗೂ ಅದು "ನಿನ್ನ ಕತೆ ಮುಗಿಯಿತು" ಎಂದೇ ಕೇಳಿಸುತ್ತಿತ್ತು. ನನ್ನ ಅಕೌಂಟೆಂಟ್ ಬೇರೆ ರೀತಿ ಕೇಳಿದರು. "ಅಣ್ಣ, ನೀವು ಒಂದು ತಿಂಗಳು ಮಗಳ ಮನೆಗೆ ಹೋದರೆ ಇಲ್ಲಿ ಯಾವ ಕೆಲಸ ನಿಲ್ಲುತ್ತದೆ?" ನಾನು ಬರೆಯಲು ಕೂತೆ. ರೇಟ್ ಹೇಳುವುದು ನಾನು. ಬಾಕಿ ಯಾರಿಗೆ ಕೊಡಬಹುದು, ಯಾರಿಗೆ ಬಾರದು ಎಂದು ಗೊತ್ತಿರುವುದು ನನಗೆ. ದೊಡ್ಡ ಲೇತಿನ ಸ್ಯಾಡಲ್ ಎಲ್ಲಿ ಸವೆದಿದೆ, ಎಷ್ಟು ಬಿಟ್ಟು ಕಟ್ ಕೊಡಬೇಕು ಎನ್ನುವುದು ನನ್ನ ಬೆರಳಿಗೆ ಮಾತ್ರ ಗೊತ್ತು. ಒಂದೂವರೆ ಪುಟ ಆಯಿತು. ಆ ಪುಟ ನೋಡಿದ ಮೇಲೆ ಅರ್ಥ ಆಯಿತು, ನನ್ನನ್ನು ತೆಗೆದರೆ ಅಲ್ಲಿ ಉಳಿಯುವುದು ಹಳೆ ಕಬ್ಬಿಣ. ಅದಕ್ಕೆ ಯಾರು ರೇಟ್ ಕೊಡುತ್ತಾರೆ?

ಎರಡು ವರ್ಷ ಆ ಪಟ್ಟಿಯಲ್ಲಿ ಒಂದೊಂದೇ ಕೆಲಸ ಹುಡುಗರಿಗೆ ಬಿಟ್ಟೆ. ಮೊದಲ ಸಲ ಫೋರ್‌ಮನ್ ಕೊಟೇಶನ್ ಹಾಕಿದಾಗ ಆರು ಸಾವಿರ ಕಮ್ಮಿ ಹಾಕಿದ. ಬಾಯಿ ಮುಚ್ಚಿ ಕೂತೆ. ಅದು ಬಹಳ ಕಷ್ಟದ ಕೆಲಸ, ನಿಮ್ಮ ಧಣಿಗಳಿಗೂ ಕಷ್ಟ ಆಗುತ್ತದೆ. ಆದರೆ ಎರಡು ವರ್ಷ ಆದ ಮೇಲೆ ತೆಗೆದುಕೊಳ್ಳಲು ಬಂದವರು ನನ್ನನ್ನು ಬಿಟ್ಟು ಫೋರ್‌ಮನ್ ಹತ್ತಿರವೇ ಪ್ರಶ್ನೆ ಕೇಳಲು ಶುರು ಮಾಡಿದರು. ನನಗೆ ಒಳ್ಳೆ ರೇಟ್ ಸಿಕ್ಕಿದ್ದು ಅದರಿಂದ.

ಇನ್ನೆರಡು ಮಾತು. ನನ್ನ ಜಾಗ ಕೆಐಎಡಿಬಿಯದ್ದು (ಸರಕಾರದ ಕೈಗಾರಿಕಾ ಪ್ರದೇಶ ಮಂಡಳಿ), ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಹೆಸರಿಗೆ ಮಾಡುವ ಹಾಗಿಲ್ಲ. ಅದಕ್ಕೇ ತಿಂಗಳುಗಳು ಹೋದವು. ನಿಮ್ಮವರದ್ದು ಸ್ವಂತ ಜಾಗ, ಆದರೂ ಕನ್ವರ್ಷನ್ (ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಾಯಿಸುವುದು) ಆಗಿದೆಯಾ, ಕಟ್ಟಡ ಇರುವ ಸರ್ವೆ ನಂಬರ್ ಪೂರ್ತಿ ಹೆಂಡತಿ ಹೆಸರಲ್ಲೇ ಉಂಟಾ ನೋಡಿ. ಹಳೆ ಸಾಲ ತೀರಿದ್ದರೂ ಮೂಲ ಪತ್ರ ವಾಪಸ್ ತಂದಿದ್ದಾರಾ ಎಂದು ಕೇಳಿ. ನಮ್ಮ ಊರಿನ ಬ್ಯಾಂಕುಗಳು 2019ರಲ್ಲಿ, 2020ರಲ್ಲಿ ಬೇರೆ ಬ್ಯಾಂಕಿಗೆ ಸೇರಿದವಲ್ಲ, ಪತ್ರ ಈಗ ಯಾವ ಬ್ರಾಂಚಿನಲ್ಲಿ ಇದೆ ಎಂದು ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು.

ಮತ್ತೆ, ಗುಟ್ಟು. "ಮಾರುತ್ತಾರಂತೆ" ಎಂದು ಹೋಟೆಲಿನಲ್ಲಿ ಒಬ್ಬ ಚಾ ಕುಡಿಯುತ್ತಾ ಹೇಳಿದರೆ ಸಾಕು, ಮರುದಿನ ಕಬ್ಬಿಣದ ಅಂಗಡಿಯವನು ಕ್ಯಾಶ್ ಕೇಳುತ್ತಾನೆ, ಒಳ್ಳೆ ಕೆಲಸದವನಿಗೆ ಬೇರೆ ಕಡೆಯಿಂದ ಫೋನ್ ಬರುತ್ತದೆ. ನನಗೆ ಎರಡೂ ಆಯಿತು. ಬ್ರೋಕರ್‌ಗಳ ಬಾಯಿಗೆ ಬೇಗ ಹಾಕಬೇಡಿ.

ಸುರತ್ಕಲ್ ಗೇರು

ನಾನು ತೆಗೆದುಕೊಂಡವನು. ಆರು ವರ್ಷದ ಹಿಂದೆ ಒಬ್ಬ ಹಿರಿಯರ ಗೇರುಬೀಜದ ಫ್ಯಾಕ್ಟರಿ ತೆಗೆದುಕೊಂಡೆ. ಆ ಕಡೆಯಿಂದ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ.

ಮೊದಲು ಕೇಳುವುದು ಕಚ್ಚಾ ಬೀಜ ಯಾರು ಖರೀದಿ ಮಾಡುತ್ತಾರೆ ಎಂದು. ಈ ಕಸುಬಿನ ಲಾಭ ನಷ್ಟ ಅಲ್ಲಿಯೇ ನಿರ್ಧಾರ ಆಗುತ್ತದೆ. ಆಫ್ರಿಕಾದಿಂದ ಬಂದ ಲಾಟ್ ಮುಂದೆ ನಿಂತಾಗ ಚೀಲಗಳಿಂದ ಮಾದರಿ ತೆಗೆದು, ಒಂದು ಕಿಲೋ ತುಂಡು ಮಾಡಿ, ಒಳ್ಳೆ ತಿರುಳು ತೂಗುತ್ತೇವೆ. 272 ಗ್ರಾಂ ಬಂತು ಅಂದರೆ 80 ಕಿಲೋ ಚೀಲಕ್ಕೆ 48 ಪೌಂಡ್ ಔಟ್‌ಟರ್ನ್, ಅಂದರೆ ಸಿಗುವ ತಿರುಳು. ಒಂದು ಪೌಂಡ್ ತಪ್ಪಿ ಅಂದಾಜು ಮಾಡಿದರೆ ಟನ್ನಿಗೆ ಐದೂವರೆ ಕಿಲೋಗಿಂತ ಜಾಸ್ತಿ ತಿರುಳು ಹೋಯಿತು. ನಾನು ತೆಗೆದುಕೊಂಡ ಫ್ಯಾಕ್ಟರಿಯ ಧಣಿಗಳು ಒಂದು ಮುಷ್ಟಿ ಬೀಜ ಕೈಯಲ್ಲಿ ಅಲ್ಲಾಡಿಸಿ, ಸದ್ದು ಕೇಳಿ, ಒಂದು ಕತ್ತರಿಸಿ ನಾಲಿಗೆಗೆ ಹಾಕಿ "ಇದು 46 ದಾಟುವುದಿಲ್ಲ" ಎನ್ನುತ್ತಿದ್ದರು. ತೂಗಿದರೆ ಹಾಗೆಯೇ ಇರುತ್ತಿತ್ತು. ಅದನ್ನು ಎಗ್ರಿಮೆಂಟಿನಲ್ಲಿ ಬರೆಸಿಕೊಳ್ಳಲು ಆಗುವುದಿಲ್ಲ ಅಲ್ವಾ? ಅದಕ್ಕೆ ಒಂದು ಪೂರ್ತಿ ಸೀಸನ್ ಅವರು ಜೊತೆಗೆ ಇರಬೇಕು ಎಂದು ಕೇಳಿಕೊಂಡೆ, ಅದಕ್ಕೆ ಬೇರೆ ಸಂಬಳ ಕೊಟ್ಟೆ, ರೇಟಿನ ಕಾಲು ಭಾಗ ಆ ಸೀಸನ್ ಮುಗಿದ ಮೇಲೆ ಕೊಟ್ಟೆ. ಅವರಿಗೂ ಸಮಾಧಾನ ಇತ್ತು, ಒಂದೇ ದಿನದಲ್ಲಿ ಮನೆಯಲ್ಲಿ ಕೂರುವ ಪರಿಸ್ಥಿತಿ ಬರಲಿಲ್ಲ.

ಎರಡನೆಯದು ಲೆಕ್ಕ. ಹಿರಿಯರ ಪುಸ್ತಕದಲ್ಲಿ ಲಾಭ ಎಂದು ಕಾಣುವುದು ನಿಜವಾದ ಲಾಭ ಆಗಿರುವುದಿಲ್ಲ. ಪುಸ್ತಕದಲ್ಲಿ 22 ಲಕ್ಷ ಇದೆ ಎಂದು ಇಟ್ಟುಕೊಳ್ಳಿ. ಧಣಿಗಳು ಸಂಬಳ ತೆಗೆದುಕೊಂಡಿಲ್ಲ, ಅವರ ಜಾಗದಲ್ಲಿ ತಿಂಗಳಿಗೆ 60 ಸಾವಿರದ ಮನುಷ್ಯನನ್ನು ಇಟ್ಟರೆ ವರ್ಷಕ್ಕೆ 7.2 ಲಕ್ಷ ಹೋಯಿತು. ಜಾಗ ಮನೆಯವರದ್ದು, ಬಾಡಿಗೆ ಹಾಕಿಲ್ಲ, ತಿಂಗಳಿಗೆ 50 ಸಾವಿರ ಅಂದರೆ ಇನ್ನು 6 ಲಕ್ಷ. ಉಳಿಯಿತು 8.8. ಮನೆಯ ಕಾರು, ಇನ್ಶೂರೆನ್ಸ್ ಎಲ್ಲ ಫ್ಯಾಕ್ಟರಿ ಖರ್ಚಿಗೆ ಹಾಕಿದ್ದು 3 ಲಕ್ಷ ಇದ್ದರೆ ವಾಪಸ್ ಸೇರಿಸಿ, 11.8. ನಾವು ರೇಟ್ ಹಿಡಿಯುವುದು ಇದರ ಮೇಲೆ. ಬಿಲ್ ಇಲ್ಲದೆ ಮಾಡಿದ ವ್ಯಾಪಾರ ಎಷ್ಟೇ ಇದ್ದರೂ ಅದಕ್ಕೆ ಯಾರೂ ಒಂದು ರೂಪಾಯಿ ಕೊಡುವುದಿಲ್ಲ. ಮೂರು ವರ್ಷದ ಸ್ವಚ್ಛ ಪುಸ್ತಕ ಬೇಕು. ಅದು ನಿಮ್ಮ ಕೈಯಲ್ಲೇ ಇರುವ ಕೆಲಸ, ಈ ಏಪ್ರಿಲಿನಿಂದಲೇ ಶುರು ಮಾಡಿ.

ಮೂರನೆಯದು ಗ್ರಾಚ್ಯುಟಿ, ಕೆಲಸ ಬಿಡುವಾಗ ಸೇವೆಯ ವರ್ಷದ ಲೆಕ್ಕದಲ್ಲಿ ಕೊಡುವ ಹಣ. ಇದನ್ನು ಯಾರೂ ಹಿಡಿಯುವುದೇ ಇಲ್ಲ. ವರ್ಷಕ್ಕೆ 15 ದಿನದ ಸಂಬಳ, 26ರಿಂದ ಭಾಗಿಸುವ ಲೆಕ್ಕ. ತಿಂಗಳ ಸಂಬಳ 13 ಸಾವಿರ ಆದರೆ ಸರಿಯಾಗಿ 7,500 ಒಂದು ವರ್ಷಕ್ಕೆ. 60 ಜನ, ಸರಾಸರಿ 15 ವರ್ಷ, ಒಟ್ಟು 67.5 ಲಕ್ಷ! ಪೀಸ್ ರೇಟಿನವರಿಗೂ ಉಂಟು, ಕೊನೆಯ ಮೂರು ತಿಂಗಳ ಸರಾಸರಿ ಹಿಡಿಯಬೇಕು. ಇದು ಪುಸ್ತಕದಲ್ಲಿ ಇಲ್ಲದಿದ್ದರೂ ಸಾಲವೇ. ಪಿಎಫ್ ಬಾಕಿಗೂ ಮಾರಿದವರು, ತೆಗೆದುಕೊಂಡವರು ಇಬ್ಬರೂ ಹೊಣೆ. ಕೊನೆ ಗಳಿಗೆಯಲ್ಲಿ ಇದು ಹೊರಗೆ ಬಂದು ವ್ಯಾಪಾರ ಮುರಿದದ್ದನ್ನು ನೋಡಿದ್ದೇನೆ. ಮೊದಲೇ ಲೆಕ್ಕ ಹಾಕಿ ಮೇಜಿನ ಮೇಲೆ ಇಡುವ ಮಾರಾಟಗಾರರ ಮೇಲೆ ನಂಬಿಕೆ ಬರುತ್ತದೆ.

ಕೊಡಿಯಾಲ್‌ಬೈಲ್ ವಕೀಲ

ಮೇಲಿನವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ನಿಮ್ಮ ಧಣಿಗಳು ಮಾರಲಿ, ಬಿಡಲಿ, ಈ ವಾರವೇ ವಿಲ್ ಬರೆಸಿ. ಇಬ್ಬರು ಸಾಕ್ಷಿ ಸಹಿ ಬೇಕು, ರಿಜಿಸ್ಟರ್ ಕಡ್ಡಾಯ ಅಲ್ಲ, ಆದರೆ ಮಾಡಿಸಿದರೆ ಒಳ್ಳೆಯದು. ಜಾಗ ಹೆಂಡತಿ ಹೆಸರಲ್ಲಿ ಎಂದಿರಿ, ಹಾಗಾದರೆ ಅವರದ್ದೂ ಬೇಕು. ನಮ್ಮ ಕಡೆ ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿ) ಹಳೆ ಕುಟುಂಬದ ಆಸ್ತಿಯಾದರೆ ಪಾಲಿನ ಪ್ರಶ್ನೆ ಬೇರೆಯೇ ಇರುತ್ತದೆ, ಮೂಲ ಪತ್ರ ನೋಡದೆ ಯಾರಿಗೂ ಮಾತು ಕೊಡಬೇಡಿ.

ಬ್ಯಾಂಕಿಗೆ ಕೊಟ್ಟ ಪರ್ಸನಲ್ ಗ್ಯಾರಂಟಿ (ಸಾಲ ತೀರದಿದ್ದರೆ ನಾನೇ ಹೊಣೆ ಎಂಬ ಬರಹ) ವ್ಯಾಪಾರ ಮಾರಿದ ಕೂಡಲೇ ತಾನಾಗಿ ಹೋಗುವುದಿಲ್ಲ. ಬ್ಯಾಂಕ್ ಬರಹದಲ್ಲಿ ಬಿಡುಗಡೆ ಕೊಡಬೇಕು. ಇದನ್ನು ಮರೆತು ಮಾರಿ, ಐದು ವರ್ಷದ ನಂತರ ಬೇರೆಯವರ ಸಾಲಕ್ಕೆ ನೋಟಿಸ್ ತೆಗೆದುಕೊಂಡ 73ರ ಹಿರಿಯರೊಬ್ಬರು ನನ್ನ ಎದುರು ಕೂತು ಅತ್ತಿದ್ದಾರೆ.

ಮ್ಯಾನೇಜರ್ ಬಗ್ಗೆ ನೀವು ಬರೆದದ್ದನ್ನು ನೋಡಿದರೆ ಅವರಿಗೇ ಕೊಡುವ ಯೋಚನೆ ಮಾಡಬಹುದು. ದುಡ್ಡಿಲ್ಲ ಎಂದು ಬಿಟ್ಟುಬಿಡಬೇಡಿ. ಮೊದಲು ಪಾಲುದಾರ ಮಾಡಿಕೊಂಡು, ವರ್ಷಕ್ಕೆ ಇಷ್ಟು ಪಾಲು ಎಂದು ಲಾಭದಿಂದಲೇ ಬಿಡಿಸಿಕೊಳ್ಳುವ ದಾರಿ ಉಂಟು. ಆದರೆ ಇಬ್ಬರೇ ಇರುವ ಪಾಲುದಾರಿಕೆ ಬೇಡ. ಒಬ್ಬರು ತೀರಿಕೊಂಡರೆ ಫರ್ಮ್ ಅಲ್ಲಿಗೇ ಮುಗಿಯುತ್ತದೆ. ಮಗಳನ್ನೋ ಇನ್ನೊಬ್ಬರನ್ನೋ ಮೂರನೆಯವರಾಗಿ ಸೇರಿಸಿ, ಅಥವಾ ಎಲ್‌ಎಲ್‌ಪಿ (ಹೊಣೆಗೆ ಮಿತಿ ಇರುವ ಪಾಲುದಾರಿಕೆ) ಮಾಡಿ. ಧಣಿಗಳು ಪೂರ್ತಿ ಹೊರಗೆ ಬರುವ ದಿನ ನಿವೃತ್ತಿಯ ಸಾರ್ವಜನಿಕ ನೋಟಿಸ್ ಕೊಡಬೇಕು, ಇಲ್ಲದಿದ್ದರೆ ಆಮೇಲಿನ ಸಾಲವೂ ಹೆಗಲಿಗೆ ಬರಬಹುದು.

ಹೊರಗಿನವರಿಗೆ ಮಾರುವುದಾದರೆ ಮೆಷಿನ್, ಸ್ಟಾಕ್, ಹೆಸರು ಎಂದು ಬಿಡಿಬಿಡಿಯಾಗಿ ಮಾರುವುದಕ್ಕೂ ನಡೆಯುತ್ತಿರುವ ವ್ಯಾಪಾರವನ್ನು ಒಂದೇ ಮೊತ್ತಕ್ಕೆ ಮಾರುವುದಕ್ಕೂ ಟ್ಯಾಕ್ಸಿನಲ್ಲಿ ಬಹಳ ವ್ಯತ್ಯಾಸ ಉಂಟು. ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮೂರು ವರ್ಷಕ್ಕಿಂತ ಹಳೆ ವ್ಯಾಪಾರದ ಸ್ಲಂಪ್ ಸೇಲ್‌ಗೆ (ಹೀಗೆ ಒಂದೇ ಮೊತ್ತಕ್ಕೆ ಮಾರುವುದಕ್ಕೆ) ಈಗ 12.5 ಶೇಕಡಾ ಟ್ಯಾಕ್ಸ್, ನಡೆಯುತ್ತಿರುವ ವ್ಯಾಪಾರ ಪೂರ್ತಿ ಕೈ ಬದಲಾದರೆ ಜಿಎಸ್‌ಟಿ ಇಲ್ಲ. ಇನ್ನೊಂದು, ತೆಗೆದುಕೊಳ್ಳುವವರು "ನೀವು ಮತ್ತೆ ಇದೇ ವ್ಯಾಪಾರ ಮಾಡಬಾರದು" ಎಂದು ಬರೆಸುತ್ತಾರೆ. ಹೆಸರಿನ ಜೊತೆ ಮಾರಿದಾಗ ಆ ಷರತ್ತು 1872ರ ಕಾಂಟ್ರಾಕ್ಟ್ ಕಾಯಿದೆಯಲ್ಲೇ ಒಪ್ಪಿತ, ಆದರೆ ಇಂತಿಷ್ಟು ಜಾಗದೊಳಗೆ ಎಂದು ಗಡಿ ಇರಬೇಕು.

ಹಂಪನಕಟ್ಟೆ ಮಗಳು

ನಾನು ಅಂಥ ಒಬ್ಬ ಅಪ್ಪನ ಮಗಳು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಬಟ್ಟೆ ಅಂಗಡಿ.

ನನಗೆ ಅಂಗಡಿ ಬೇಡ ಎಂದು ಅಪ್ಪ ತಾನೇ ತೀರ್ಮಾನ ಮಾಡಿಕೊಂಡಿದ್ದರು. ನನ್ನನ್ನು ಕೇಳಲೇ ಇಲ್ಲ. ನಾನೂ ಹೇಳಲಿಲ್ಲ, ಕೇಳದೆ ಹೇಳಿದರೆ ಅಣ್ಣನ ಪಾಲಿಗೆ ಕೈ ಹಾಕಿದ ಹಾಗೆ ಆಗುತ್ತದೆ ಎಂಬ ಹೆದರಿಕೆ. ಅಣ್ಣನಿಗೆ ಬೇಡವೇ ಬೇಡ, ಅವನಿಗೂ ಹೇಳುವ ಧೈರ್ಯ ಇಲ್ಲ, ಅಪ್ಪನಿಗೆ ಬೇಜಾರಾಗುತ್ತದೆ ಎಂದು. ಹೀಗೆ ಮೂರು ಜನ ಒಂದೇ ಮನೆಯಲ್ಲಿ ಏಳು ವರ್ಷ ಸುಮ್ನೆ ಕೂತೆವು. ಕೊನೆಗೆ ಅಮ್ಮ ಒಂದು ಚೌತಿಯ ದಿನ ಊಟಕ್ಕೆ ಬಡಿಸುತ್ತಾ, "ಅಂಗಡಿ ಯಾರಿಗೆ ಬೇಕು, ಈಗಲೇ ಹೇಳಿ, ಪಾಯಸ ಆಮೇಲೆ" ಎಂದರು. ಹತ್ತು ನಿಮಿಷದಲ್ಲಿ ಮುಗಿಯಿತು. ಈಗ ಅಂಗಡಿ ನಾನು ನಡೆಸುತ್ತೇನೆ, ಅಣ್ಣನಿಗೆ ಅವನ ಪಾಲಿನ ಹಣ ವರ್ಷ ವರ್ಷ ಕೊಡುತ್ತೇನೆ.

ನಿಮ್ಮ ಧಣಿಗಳ ಮಗಳು ಬೆಂಗಳೂರಲ್ಲಿ ಇದ್ದಾರೆ ಎಂದಿರಿ. ಅವರಿಗೆ ಬೇಡ ಎಂದು ಹೇಳಿದ್ದು ಅವರೇನಾ, ಅಥವಾ ಬೇರೆಯವರಾ? ಹೆಂಡತಿಯ ಹತ್ತಿರ ಒಂದು ಸಲ ಕೂತು ಮಾತಾಡಿ. ಜಾಗ ಅವರದ್ದು, ಆದರೆ ಇಡೀ ಮಾತುಕತೆಯಲ್ಲಿ ಅವರನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಕಡಿಯಾಳಿ ಲೆಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಂಪನಕಟ್ಟೆಯವರೇ, ನೀವು ಹೇಳಿದ್ದು ನನಗೆ ಸರಿಯಾಗಿ ತಾಗಿತು. ಹೋದ ಭಾನುವಾರ ಧಣಿಗಳ ಮನೆಗೇ ಹೋದೆ. ಅಕ್ಕ (ಧಣಿಗಳ ಹೆಂಡತಿ) ನೀರುದೋಸೆ ಮಾಡಿದ್ದರು. ಧಣಿಗಳಿಗೆ ಬೈಕಂಪಾಡಿ ಅಣ್ಣ ಹೇಳಿದ ಪ್ರಶ್ನೆಯನ್ನೇ ಕೇಳಿದೆ, "ನೀವು ಒಂದು ತಿಂಗಳು ಮಗನ ಮನೆಗೆ ಕೆನಡಾಕ್ಕೆ ಹೋದರೆ ಇಲ್ಲಿ ಏನು ನಿಲ್ಲುತ್ತದೆ?" ಅವರು ನಕ್ಕು "ಎಲ್ಲ ನಿಲ್ಲುತ್ತದೆ" ಎಂದರು. ಅಕ್ಕ ಒಳಗಿನಿಂದ, "ಅದಕ್ಕೇ 12 ವರ್ಷದಿಂದ ಹೋಗಲಿಲ್ಲ" ಎಂದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಗ್ರಾಚ್ಯುಟಿ ಲೆಕ್ಕ ತೋರಿಸಿದೆ. ಮೊತ್ತ ನೋಡಿ ಗಾಬರಿ ಆಗುತ್ತಾರೆ ಎಂದುಕೊಂಡಿದ್ದೆ. ಅವರು ಪಟ್ಟಿಯಲ್ಲಿ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು, ಇವಳ ಮಗ ಐಟಿಐ ಮುಗಿಸಿದ, ಇವಳಿಗೆ ಕಣ್ಣು ಮಂಜಾಗಿದೆ, ಗ್ರೇಡಿಂಗ್ ಆಗುವುದಿಲ್ಲ, ಬೇರೆ ಕೆಲಸ ಕೊಡಬೇಕು ಎಂದು ಹೇಳುತ್ತಾ ಹೋದರು. ಕೊನೆಗೆ, "ತೆಗೆದುಕೊಳ್ಳುವವನು ಇವರನ್ನು ಇಟ್ಟುಕೊಳ್ಳುತ್ತಾನೆ ಅಂತ ಗೊತ್ತಾದರೆ ನಾನು ಮಾತಾಡುತ್ತೇನೆ" ಎಂದರು. ನನಗೆ ಅಷ್ಟು ಸಾಕಾಗಿತ್ತು.

ಇನ್ನೊಂದು ವಿಷಯ ಅವರ ಮನಸ್ಸಿನಲ್ಲಿ ಇತ್ತು, ನನಗೆ ಹೊಳೆದೇ ಇರಲಿಲ್ಲ. ಫ್ಯಾಕ್ಟರಿಯ ಹಿಂದೆ ಗುಳಿಗ ದೈವದ ಕಲ್ಲು ಇದೆ. ವರ್ಷಕ್ಕೊಮ್ಮೆ ತಂಬಿಲ (ದೈವಕ್ಕೆ ಸಲ್ಲಿಸುವ ಪೂಜೆ) ಕೊಡುತ್ತಾರೆ. "ಜಾಗ ಮಾರಿದರೆ ಬಂದವನು ಅದನ್ನು ನಡೆಸುತ್ತಾನಾ? ನಾನು ಕೈ ಬಿಟ್ಟೆ ಅಂತ ಆಗಬಾರದು." ಇದಕ್ಕೆ ಏನಾದರೂ ದಾರಿ ಉಂಟಾ?

ಕೊಡಿಯಾಲ್‌ಬೈಲ್ ವಕೀಲ

ಉಂಟು. ನಮ್ಮ ಜಿಲ್ಲೆಯಲ್ಲಿ ಇದು ಹೊಸತಲ್ಲ. ದೈವದ ಕಲ್ಲು ಇರುವ ಎರಡು ಮೂರು ಸೆಂಟ್ಸ್ ಜಾಗವನ್ನು ಮಾರಾಟಕ್ಕೆ ಸೇರಿಸದೆ ಕುಟುಂಬದ ಹೆಸರಲ್ಲೇ ಇಟ್ಟುಕೊಳ್ಳಬಹುದು, ಅಲ್ಲಿಗೆ ಹೋಗಿಬರುವ ದಾರಿಯ ಹಕ್ಕನ್ನು ಸೇಲ್ ಡೀಡಿನಲ್ಲೇ ಬರೆಸಬಹುದು. ಬರೀ ಬಾಯಿ ಮಾತಿಗೆ ಬಿಡಬೇಡಿ, ಸ್ಕೆಚ್ಚಿನಲ್ಲಿ ದಾರಿ ತೋರಿಸಿ.

ಇನ್ನೂ ಒಂದು ಯೋಚನೆ. ಜಾಗ ಯಾಕೆ ಮಾರಬೇಕು? ವ್ಯಾಪಾರ ಮಾತ್ರ ಕೊಟ್ಟು, ಜಾಗವನ್ನು ಅಕ್ಕನ ಹೆಸರಲ್ಲೇ ಇಟ್ಟು ಲೀಸ್‌ಗೆ ಕೊಟ್ಟರೆ ತಿಂಗಳ ಬಾಡಿಗೆ ಬರುತ್ತದೆ, ತಂಬಿಲವೂ ನಡೆಯುತ್ತದೆ. ಆದರೆ ಲೀಸ್ ರಿಜಿಸ್ಟರ್ ಮಾಡಿಸಿ, 11 ತಿಂಗಳ ಕಾಗದದ ಮೇಲೆ ಯಾರೂ ಫ್ಯಾಕ್ಟರಿ ತೆಗೆದುಕೊಳ್ಳುವುದಿಲ್ಲ. ಮ್ಯಾನೇಜರ್ ಪಾಲುದಾರ ಆಗುವುದಾದರೂ ಇದೇ ಸುಲಭ, ಅವರು ಜಾಗದ ರೇಟ್ ಹೊಂದಿಸಬೇಕಾಗಿಲ್ಲ.

ಕಡಿಯಾಳಿ ಲೆಕ್ಕ

ಲೀಸಿನ ಮಾತು ಹೇಳಿದೆ. ಅಕ್ಕ ಕೂಡಲೇ ಒಪ್ಪಿದರು. ಧಣಿಗಳು "ನೋಡುವಾ" ಎಂದೇ ಹೇಳಿದ್ದು, ಆದರೆ ಈ ಸಲ ಮಗಳಿಗೆ ಫೋನ್ ಮಾಡಿ ಮುಂದಿನ ತಿಂಗಳು ಬರಲು ಹೇಳಿದ್ದಾರೆ. ವಿಲ್‌ಗೆ ವಕೀಲರ ಹತ್ತಿರ ಶುಕ್ರವಾರ ಹೋಗುವುದು.

ಇವತ್ತು ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿದ್ದರು. ಪಣಂಬೂರಿನ ಗೋಡೌನಿಗೆ ಹೊಸ ಲಾಟ್ ಬಂದಿದೆಯಂತೆ, ಧಣಿಗಳು ಮೊದಲ ಸಲ ಅವರನ್ನೂ ಕರೆದುಕೊಂಡು ಹೋಗಿದ್ದರು. ಒಂದು ಮುಷ್ಟಿ ಬೀಜ ಅವರ ಕೈಗೆ ಹಾಕಿ "ಎಷ್ಟು ಬರಬಹುದು ಹೇಳು" ಎಂದರಂತೆ. ಇವರು 47 ಎಂದರು. ತೂಗಿದಾಗ ನಲ್ವತ್ತಾರೂವರೆ. ಧಣಿಗಳು ಏನೂ ಹೇಳಲಿಲ್ಲ, ಕತ್ತರಿ ಮಾತ್ರ ವಾಪಸ್ ತೆಗೆದುಕೊಳ್ಳದೆ ಇವರ ಹತ್ತಿರವೇ ಬಿಟ್ಟು ಕಾರಿಗೆ ಹತ್ತಿದರಂತೆ.